ಮನೆಗೆ ಬಂದ ಪರೀಕ್ಷೆ

ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಉದ್ಯಾನಗಳಿಗೆ ಬೆಳಗಿನ ಹೊತ್ತು ವಾಯುವಿಹಾರಕ್ಕೆ ಬರುವ ಹಿರಿಯರು ಮಂಡಿನೋವಿನ ವಿಷಯವನ್ನು ಧಾರಾಳವಾಗಿ ಮಾತನಾಡುತ್ತಾರೆ. ರಕ್ತದೊತ್ತಡದ ಅಂಕಿಗಳನ್ನು ಪರಸ್ಪರ ಹೋಲಿಸಿ ನೋಡುತ್ತಾರೆ. ಆದರೆ ರಾತ್ರಿ ನಾಲ್ಕು ಬಾರಿ ಮೂತ್ರಕ್ಕೆ ಏಳಬೇಕಾಯಿತೆಂಬ ಮಾತು ಅಲ್ಲಿ ಕೇಳಿಬರುವುದು ಅಪರೂಪ. ನಾಚಿಕೆ ಬಾಯಿಯನ್ನು ಕಟ್ಟುತ್ತದೆ. ವಯಸ್ಸಾದ ಮೇಲೆ ಇದೆಲ್ಲ ಸಹಜವೆಂದು ಸಮಾಧಾನ ತಂದುಕೊಂಡು, ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟು, ನೀರು ಕುಡಿಯುವುದನ್ನೂ ಕಡಿಮೆ ಮಾಡಿ ವರ್ಷಗಟ್ಟಲೆ ಸಹಿಸುವವರುಂಟು. ಶೌಚಾಲಯದ ಸ್ಥಿತಿಗೆ ಅಂಜಿ ಶಾಲೆಯಲ್ಲಿ ಸಂಜೆಯವರೆಗೆ ನೀರು ಮುಟ್ಟದ ಬಾಲಕಿಯರ ಸಂಕಟವೂ ಇದೇ ಜಾತಿಯದು.

ಮೂತ್ರಪಿಂಡಗಳು ರಕ್ತವನ್ನು ಶೋಧಿಸಿ ದಿನಕ್ಕೆ ಸುಮಾರು ಒಂದರಿಂದ ಎರಡು ಲೀಟರಿನಷ್ಟು ಮೂತ್ರವನ್ನು ತಯಾರಿಸುತ್ತವೆ. ಅದು ಮೂತ್ರಕೋಶವೆಂಬ ಚೀಲದಲ್ಲಿ ಸಂಗ್ರಹವಾಗುತ್ತದೆ. ಈ ವ್ಯವಸ್ಥೆ ಕೆಡುವುದಕ್ಕೆ ಕಾರಣಗಳು ಹಲವು. ವಯಸ್ಸಾದ ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರನಾಳವನ್ನು ಒತ್ತಬಹುದು. ಸ್ತ್ರೀಯರಲ್ಲಿ ಮೂತ್ರನಾಳ ಗಿಡ್ಡವಾದುದರಿಂದ ಸೋಂಕು ಸುಲಭವಾಗಿ ಒಳಸೇರಬಹುದು. ಮಧುಮೇಹವಿದ್ದರೆ ಮೂತ್ರದ ಪ್ರಮಾಣವೇ ಹೆಚ್ಚಬಹುದು. ಲಕ್ಷಣ ಒಂದೇ, ಮೂಲ ಬೇರೆ. ಆದುದರಿಂದ ಬರಿಯ ಊಹೆ ಸಾಲದು, ಅಳತೆ ಬೇಕು.

ತೊಡಕು ಇರುವುದು ಈ ಅಳತೆಯಲ್ಲಿಯೇ. ಕೆಂಗೇರಿಯ ವೃದ್ಧರೊಬ್ಬರು ನಗರದ ಮಧ್ಯದ ಆಸ್ಪತ್ರೆಗೆ ಹೊರಟರೆನ್ನೋಣ. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದಿತು, ನಿಜ. ಆದರೆ ಅರ್ಧ ಗಂಟೆ ಮೂತ್ರವನ್ನು ತಡೆಯಲಾರದವರಿಗೆ ಆ ಪ್ರಯಾಣವೂ ಒಂದು ಪರೀಕ್ಷೆಯೇ. ಆಸ್ಪತ್ರೆಯಲ್ಲಿ ಯಂತ್ರವೊಂದನ್ನು ತೋರಿಸಿ, ಇದರೊಳಗೆ ಮೂತ್ರ ಮಾಡಿರೆಂದು ಹೇಳುತ್ತಾರೆ. ಅಪರಿಚಿತ ಕೊಠಡಿ, ಬಾಗಿಲ ಹೊರಗೆ ಕಾಯುವ ಜನ. ಪ್ರಶ್ನಪತ್ರಿಕೆಯನ್ನು ಕಂಡೊಡನೆ ಓದಿದುದನ್ನೆಲ್ಲ ಮರೆಯುವ ವಿದ್ಯಾರ್ಥಿಯ ಪಾಡು ಅವರದಾಗುತ್ತದೆ. ಹೀಗೆ ದೊರೆತ ಒಂದೇ ಒಂದು ಅಂಕಿ ಅವರ ನಿತ್ಯದ ಸ್ಥಿತಿಯನ್ನು ಹೇಳೀತೆಂಬ ಭರವಸೆಯಿಲ್ಲ.

ಆ ಯಂತ್ರದ ತತ್ತ್ವ ಮಾತ್ರ ಬಹಳ ಸರಳವಾದುದು. 1948ರಲ್ಲಿ ಅಮೆರಿಕದ ವಿಲರ್ಡ್ ಡ್ರೇಕ್ ಎಂಬ ವೈದ್ಯರು ಪಾತ್ರೆಯಲ್ಲಿ ಬೀಳುವ ಮೂತ್ರದ ತೂಕವನ್ನು ಕಾಲಕ್ಕನುಗುಣವಾಗಿ ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಉಪಕರಣವನ್ನು ರೂಪಿಸಿದರು. ಒಂದು ಮಿಲಿಲೀಟರ್ ಮೂತ್ರ ಹೆಚ್ಚುಕಡಿಮೆ ಒಂದು ಗ್ರಾಂ ತೂಗುತ್ತದೆ. ಕ್ಷಣಕ್ಷಣಕ್ಕೆ ತೂಕ ಏರುವ ವೇಗವೇ ಹರಿವಿನ ವೇಗ; ಗಣಿತದ ತರಗತಿಯಲ್ಲಿ ನಕ್ಷೆ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುರುಷರಲ್ಲಿ ಗರಿಷ್ಠ ಹರಿವು ಸೆಕೆಂಡಿಗೆ 15 ಮಿಲಿಲೀಟರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 10ಕ್ಕಿಂತ ಕೆಳಗಿಳಿದರೆ ಅಡಚಣೆಯ ಶಂಕೆ ಮೂಡುತ್ತದೆ. ಹೊರಬಂದ ಮೂತ್ರ 150 ಮಿಲಿಲೀಟರಾದರೂ ಇರಬೇಕು. ಇಲ್ಲವಾದರೆ ಆ ಲೆಕ್ಕ ನೆಚ್ಚತಕ್ಕದ್ದಲ್ಲ.

ಈ ಉಪಕರಣ ಈಗ ಕಿರಿದಾಗಿ ಮನೆಗೇ ಬಂದಿದೆ. ತೂಕವನ್ನು ಗ್ರಹಿಸುವ ಸಣ್ಣ ಸಾಧನದ ಮೇಲೆ ಪಾತ್ರೆಯನ್ನಿಟ್ಟರೆ ಅಳತೆ ತಾನಾಗಿ ದಾಖಲಾಗುತ್ತದೆ. ಇನ್ನೂ ಸೋಜಿಗದ ವಿಧಾನವೆಂದರೆ ಸದ್ದಿನಿಂದಲೇ ಹರಿವನ್ನು ಅಂದಾಜು ಮಾಡುವುದು. ಧಾರೆ ನೀರಿನ ಮೇಲೆ ಬೀಳುವಾಗ ಹುಟ್ಟುವ ಶಬ್ದವನ್ನು ಮೊಬೈಲ್ ಫೋನಿನ ಮೈಕ್ ಗ್ರಹಿಸುತ್ತದೆ. ಶಬ್ದದ ಏರಿಳಿತದಿಂದ ಹರಿವಿನ ಏರಿಳಿತವನ್ನು ಗಣಕವಿಧಿ ಲೆಕ್ಕ ಹಾಕುತ್ತದೆ. ಪಕ್ಕದಲ್ಲಿ ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುತ್ತಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ. ನೀರು ನಿಲ್ಲುವ ಕಮೋಡಿಗೂ ನಮ್ಮ ದೇಶದ ಕುಕ್ಕರುಗಾಲಿನ ಶೌಚಾಲಯಕ್ಕೂ ಸದ್ದು ಒಂದೇ ಆಗದು. ಕುಳಿತು ಮೂತ್ರ ಮಾಡುವ ಸ್ತ್ರೀಯರಿಗೆ ಈ ವಿಧಾನ ಅಷ್ಟಾಗಿ ಒಗ್ಗುವುದಿಲ್ಲ. ಸ್ನಾನಗೃಹದ ಸದ್ದು ಯಾರ ಕೈ ಸೇರುತ್ತದೆಂಬುದನ್ನು ವಿಚಾರಿಸಿಕೊಳ್ಳುವುದೂ ಅಗತ್ಯ.

ಇವೆಲ್ಲಕ್ಕಿಂತ ಹೆಚ್ಚು ಉಪಯುಕ್ತವಾದ ಸಾಧನ ಬಹುಶಃ ಅತ್ಯಂತ ಹಳೆಯದಾದ ದಿನಚರಿಯೇ. ಮೂರು ದಿನಗಳ ಕಾಲ, ಎಷ್ಟು ಹೊತ್ತಿಗೆ ಏನು ಕುಡಿದದ್ದು, ಎಷ್ಟು ಹೊತ್ತಿಗೆ ಎಷ್ಟು ಮೂತ್ರವಾದದ್ದು ಎಂಬುದನ್ನು ಬರೆದಿಡಬೇಕು. ಪುಸ್ತಕದ ಬದಲು ಫೋನಿನಲ್ಲಿ ಬರೆದರೆ ಮೊತ್ತವನ್ನು ಅದೇ ಹಾಕುತ್ತದೆ. ರಾತ್ರಿ ನಾಲ್ಕು ಬಾರಿ ಏಳುವವರ ದಿನಚರಿಯಲ್ಲಿ ಪ್ರತಿಸಲವೂ ಸ್ವಲ್ಪವೇ ಮೂತ್ರ ಕಂಡುಬಂದರೆ ದೋಷ ಮೂತ್ರಕೋಶದಲ್ಲಿಯೋ ಪ್ರಾಸ್ಟೇಟಿನಲ್ಲಿಯೋ ಇರಬಹುದು. ಪ್ರತಿಸಲವೂ ಲೋಟ ತುಂಬುವಷ್ಟಿದ್ದರೆ ವೈದ್ಯರು ಬೇರೆಡೆ ಹುಡುಕುತ್ತಾರೆ: ಹಗಲು ಕಾಲುಗಳಲ್ಲಿ ಇಳಿದುನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳುತ್ತಿರಬಹುದು, ಹೃದಯ ದುರ್ಬಲವಾಗಿರಬಹುದು, ಅಥವಾ ಮಲಗುವ ಮುನ್ನ ಕುಡಿದ ಕಾಫಿಯೇ ಕಾರಣವಿರಬಹುದು. ಆಸ್ಪತ್ರೆಯ ಯಾವ ಯಂತ್ರವೂ ಈ ಮೂರು ರಾತ್ರಿಗಳನ್ನು ಕಂಡಿರುವುದಿಲ್ಲ.

ಹರಿವಿನಂತೆ ಮೂತ್ರದ ಗುಣವೂ ಪರೀಕ್ಷಾರ್ಹ. ಸಿಹಿಮೂತ್ರಕ್ಕೆ ಇರುವೆ ಮುತ್ತುವುದನ್ನು ಪ್ರಾಚೀನ ಭಾರತದ ವೈದ್ಯರು ಕಂಡಿದ್ದರು. 1956ರಲ್ಲಿ ಸಕ್ಕರೆಯನ್ನು ಬಣ್ಣದಿಂದ ತೋರಿಸುವ ಅದ್ದುಪಟ್ಟಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಇದನ್ನು ರೂಪಿಸಿದವರು ಹೆಲೆನ್ ಫ್ರೀ ಮತ್ತು ಆಲ್ಫ್ರೆಡ್ ಫ್ರೀ ದಂಪತಿಗಳು. ಇಂದಿನ ಪಟ್ಟಿಗಳು ಸೋಂಕಿನ ಸುಳಿವನ್ನೂ ಕೊಡುತ್ತವೆ. ರಾಜಾಜಿನಗರಕ್ಕೆ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ನವಕಾಂತ ಭಟ್ಟರ ಬಳಗದ ಸಂಶೋಧನೆಯಿಂದ ಪಾಥ್‌ಶೋಧ್ ಎಂಬ ಸಂಸ್ಥೆ ಹುಟ್ಟಿತು. ಅದರ ಅಂಗೈಯಗಲದ ಉಪಕರಣ ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಅಳೆಯಬಲ್ಲುದು. ಮಧುಮೇಹಿಗಳ ಮೂತ್ರಪಿಂಡ ಕೆಡತೊಡಗಿದುದನ್ನು, ಯಾವ ನೋವೂ ತೋರದ ಹಂತದಲ್ಲಿಯೇ, ಇಂಥ ಸೋರಿಕೆ ತಿಳಿಸುತ್ತದೆ.

ಮನೆಯ ಅಳತೆ ವೈದ್ಯರಿಗೆ ಸಾಕ್ಷ್ಯವೇ ಹೊರತು ತೀರ್ಪಲ್ಲ. ಹರಿವು ತಗ್ಗಿದುದು ಅಡಚಣೆಯಿಂದಲೋ ಮೂತ್ರಕೋಶದ ಸ್ನಾಯು ಸೋತುದರಿಂದಲೋ ಎಂಬುದನ್ನು ನಕ್ಷೆಯೊಂದೇ ಹೇಳಲಾರದು. ಮೂತ್ರದಲ್ಲಿ ರಕ್ತ ಕಂಡರೆ, ಉರಿಯೊಡನೆ ಚಳಿಜ್ವರ ಬಂದರೆ, ಅಳೆಯುತ್ತ ಕೂರದೆ ಕೂಡಲೇ ವೈದ್ಯರನ್ನು ಕಾಣಬೇಕು. ಮೂತ್ರ ಪೂರ್ತಿಯಾಗಿ ಕಟ್ಟಿ ಕಿಬ್ಬೊಟ್ಟೆ ಬಿಗಿದುಕೊಂಡಾಗಲಂತೂ ದಿನಚರಿಗೆ ಕೆಲಸವಿಲ್ಲ. ಅದೇ ಫೋನಿನಿಂದ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು.