ಯಾವ ಬಾಗಿಲನ್ನು ತಟ್ಟಬೇಕು?

ಕೆಲವು ವರ್ಷಗಳ ಹಿಂದೆ ನಾವು ಕಾಲೇಜಿನ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯನ್ನು ವಹಿಸಿಕೊಂಡಿದ್ದಾಗ, ಒಂದೇ ತಿಂಗಳಲ್ಲಿ ಎರಡು ಪ್ರಸಂಗಗಳು ಒದಗಿದವು. ಒಂದು ರಾತ್ರಿ ಹಲ್ಲುನೋವಿನಿಂದ ನರಳುತ್ತಿದ್ದ ಹುಡುಗನೊಬ್ಬನ ಕೂಗಿಗೆ ನಿಲಯವೆಲ್ಲ ಎಚ್ಚರಗೊಂಡಿತು. ಅವನನ್ನು ಆಟೋದಲ್ಲಿ ಕುಳ್ಳಿರಿಸಿಕೊಂಡು ದೊಡ್ಡ ಆಸ್ಪತ್ರೆಯೊಂದರ ತುರ್ತುಚಿಕಿತ್ಸಾ ವಿಭಾಗಕ್ಕೆ ಧಾವಿಸಿದೆವು. ಮೂರು ಗಂಟೆ ಕಾದ ಮೇಲೆ ದೊರೆತದ್ದು ನೋವಿನ ಮಾತ್ರೆ ಮತ್ತು ಬೆಳಗ್ಗೆ ದಂತವೈದ್ಯರನ್ನು ಕಾಣಿರೆಂಬ ಸಲಹೆ.

ಇನ್ನೊಂದು ಮುಂಜಾನೆ, ನೆಲದ ಮೇಲೆ ಮಲಗಿದ್ದ ಮತ್ತೊಬ್ಬ ಹುಡುಗನು ಹೊಟ್ಟೆ ಸ್ವಲ್ಪ ನೋಯುತ್ತಿದೆಯೆಂದು ಮೆಲ್ಲನೆ ಹೇಳಿದನು. ಅಜೀರ್ಣವಿರಬೇಕೆಂದು ನಾವು ಜೀರಿಗೆಯ ಕಷಾಯ ಕೊಡಿಸಿ ಸುಮ್ಮನಾದೆವು. ಸ್ವಲ್ಪ ಹೊತ್ತಿನಲ್ಲಿ ಅವನ ಕಣ್ಣೆವೆಗಳು ಜೋತುಬಿದ್ದವು, ಮಾತು ತೊದಲಿತು. ಕಷಾಯದ ಲೋಟ ತೆಗೆದುಕೊಳ್ಳಲು ಬಂದ ಅಡುಗೆಯ ಭಟ್ಟರು, “ಇದು ಹಾವಿನ ವಿಷ ಸ್ವಾಮಿ, ತಡಮಾಡಬೇಡಿ” ಎಂದರು. ಕಚ್ಚಿದ್ದು ಕಟ್ಟುಹಾವು. ಇದು ರಾತ್ರಿ ಮಲಗಿದವರನ್ನು ಕಚ್ಚುವುದುಂಟು. ಕಚ್ಚಿದೆಡೆಯಲ್ಲಿ ಅನೇಕ ವೇಳೆ ನೋವಾಗಲಿ ಬಾವಾಗಲಿ ಇರುವುದಿಲ್ಲ. ಆದರೆ ವಿಷವು ಉಸಿರಾಟದ ಸ್ನಾಯುಗಳನ್ನೇ ನಿಶ್ಚಲಗೊಳಿಸುತ್ತದೆ. ವಿಷನಿರೋಧಕ ಮದ್ದು ಮತ್ತು ಕೃತಕ ಉಸಿರಾಟದ ಯಂತ್ರ, ಇವೆರಡರ ನೆರವಿನಿಂದ ಹುಡುಗನು ಉಳಿದನು. ಭಟ್ಟರು ಅತ್ತ ಬಾರದಿದ್ದರೆ ಏನಾಗುತ್ತಿತ್ತೆಂಬ ಯೋಚನೆ ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಎರಡು ಪ್ರಸಂಗಗಳಲ್ಲಿಯೂ ನಾವು ಮಾಡಿದ ತಪ್ಪು ಒಂದೇ. ನೋವು ಎಷ್ಟೆಂಬುದನ್ನು ನೋಡಿದೆವು. ಹಾನಿ ಎಷ್ಟು ವೇಗದಿಂದ ಬೆಳೆಯುತ್ತಿದೆಯೆಂಬುದನ್ನು ನೋಡಲಿಲ್ಲ. ಒಂದು ಪರಿಮಾಣಕ್ಕೂ ಅದು ಬದಲಾಗುವ ದರಕ್ಕೂ ಇರುವ ಅಂತರವನ್ನು ತರಗತಿಯಲ್ಲಿ ನಿತ್ಯವೂ ಬೋಧಿಸುವ ನಾವೇ ಅದನ್ನು ಮರೆತಿದ್ದೆವು. ತುಂಬಿದ ಕೆರೆಯನ್ನು ಕಂಡು ಹೊಸಬನು ಅಂಜಬಹುದು. ಊರಿನ ನೀರಗಂಟಿಯಾದರೋ ಏರಿಯ ಮೇಲೆ ನಡೆದು, ನೀರು ಜಿನುಗುವ ಸಣ್ಣ ಬಿಲವೇನಾದರೂ ಉಂಟೇ ಎಂದು ಹುಡುಕುತ್ತಾನೆ.

ಆದುದರಿಂದ ಕಾಯಿಲೆಯ ಮುಂದೆ ನಿಂತಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಹಾನಿಯು ಬೆಳೆಯುವುದು ನಿಮಿಷಗಳ ಲೆಕ್ಕದಲ್ಲಿಯೋ, ದಿನಗಳ ಲೆಕ್ಕದಲ್ಲಿಯೋ, ತಿಂಗಳುಗಳ ಲೆಕ್ಕದಲ್ಲಿಯೋ? ಒಮ್ಮೆ ಆದ ಹಾನಿಯನ್ನು ಆಮೇಲೆ ಸರಿಪಡಿಸಲು ಸಾಧ್ಯವೇ?

ನಿಮಿಷಗಳ ಲೆಕ್ಕದ ಕಾಯಿಲೆಗೆ ಪಾರ್ಶ್ವವಾಯು ಒಳ್ಳೆಯ ನಿದರ್ಶನ. ಮುಖ ಒಂದು ಕಡೆಗೆ ಸೊಟ್ಟಗಾಗುತ್ತದೆ, ಒಂದು ತೋಳು ಬಲಗುಂದುತ್ತದೆ, ಮಾತು ತೊದಲುತ್ತದೆ. ಬಹುಮಟ್ಟಿಗೆ ನೋವೇ ಇರುವುದಿಲ್ಲ. ಮೆದುಳಿನ ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಪ್ರಕಟವಾದ ಒಂದು ಅಂದಾಜು ತಿಳಿಸುತ್ತದೆ. ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೆ ಮುನ್ನ ಸಿ.ಟಿ. ಸ್ಕ್ಯಾನ್ ಮಾಡಿ, ಮೆದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎದೆಯನ್ನು ಹಿಸುಕಿದಂತಾಗಿ ಬೆವರುವುದು, ಉಸಿರು ಕಟ್ಟುವುದು, ಎಚ್ಚರ ತಪ್ಪುವುದು, ನಿಲ್ಲದ ರಕ್ತಸ್ರಾವ, ವಿಷಸೇವನೆ, ಹಾವಿನ ಕಡಿತ, ಹಿಂದೆಂದೂ ಕಾಣದಂಥ ಹಠಾತ್ತಾದ ತಲೆನೋವು, ಇವೆಲ್ಲ ಇದೇ ವರ್ಗಕ್ಕೆ ಸೇರಿದವು. ಇಲ್ಲಿ ತುರ್ತುಚಿಕಿತ್ಸಾ ವಿಭಾಗವೊಂದೇ ದಾರಿ. ಕರ್ನಾಟಕದಲ್ಲಿ 2008ರಿಂದ 108 ಸಂಖ್ಯೆಯ ಆಂಬ್ಯುಲೆನ್ಸ್ ಉಚಿತವಾಗಿ ದೊರೆಯುತ್ತಿದೆ; ದಾರಿಯಲ್ಲಿಯೇ ಆರೈಕೆ ಮೊದಲಾಗುವುದು ಅದರ ಹಿರಿಮೆ.

ಆ ವಿಭಾಗದಲ್ಲಿ ಬಂದವರನ್ನು ಸರತಿಯಂತೆ ನೋಡುವುದಿಲ್ಲ. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯನಾಗಿದ್ದ ಡಾಮಿನಿಕ್ ಲಾರೇ ಎಂಬಾತನು, ಗಾಯಾಳುಗಳ ಪದವಿಯನ್ನು ಗಣಿಸದೆ, ಗಾಯದ ತೀವ್ರತೆಯನ್ನು ಅನುಸರಿಸಿ ಚಿಕಿತ್ಸೆಮಾಡುವ ಪದ್ಧತಿಯನ್ನು ಬಳಕೆಗೆ ತಂದನು. ಇಂದಿನ ಆಸ್ಪತ್ರೆಗಳು ಅನುಸರಿಸುತ್ತಿರುವುದೂ ಈ ತತ್ತ್ವವನ್ನೇ. ಹಲ್ಲುನೋವಿನ ಹುಡುಗನು ಮೂರು ಗಂಟೆ ಕಾಯಬೇಕಾದುದು ಯಾರ ಉದಾಸೀನದಿಂದಲೂ ಅಲ್ಲ.

ಇನ್ನು ಎರಡನೆಯ ವರ್ಗ. ಹೊಲಿಗೆ ಬೇಕಾದ ಗಾಯ, ಉಳುಕಿದ ಕಾಲು, ವಾಂತಿಯೊಡನೆ ಬಂದ ಜ್ವರ, ಇಂಥವು ಒಂದೆರಡು ಗಂಟೆ ತಾಳಬಲ್ಲವು, ವಾರಗಟ್ಟಲೆ ತಾಳಲಾರವು. ಅಮೆರಿಕದಲ್ಲಿ ಇದಕ್ಕಾಗಿಯೇ ‘ಅರ್ಜೆಂಟ್ ಕೇರ್’ ಎಂಬ ಚಿಕಿತ್ಸಾಲಯಗಳಿವೆ. ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳದೆ ಅಲ್ಲಿಗೆ ಹೋಗಬಹುದು. ನಮ್ಮಲ್ಲಿ ಆ ಕೆಲಸವನ್ನು ತಾಲ್ಲೂಕು ಆಸ್ಪತ್ರೆಗಳೂ ಬಡಾವಣೆಯ ನರ್ಸಿಂಗ್ ಹೋಮ್‌ಗಳೂ ಮಾಡುತ್ತವೆ. ನಾಯಿಯ ಕಡಿತವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ರೇಬೀಸ್ ವೈರಸ್ ನರಗಳ ಮೂಲಕ ಮೆದುಳಿನತ್ತ ನಿಧಾನವಾಗಿ ಸಾಗುತ್ತದೆ. ರೋಗದ ಚಿಹ್ನೆಗಳು ತೋರಲು ಸಾಮಾನ್ಯವಾಗಿ ವಾರಗಳು ಹಿಡಿಯುತ್ತವೆ. ಆದರೆ ಚಿಹ್ನೆಗಳು ತೋರಿದ ಮೇಲೆ ಬದುಕುವುದು ಅತ್ಯಂತ ವಿರಳ. ವೇಗ ಕಡಮೆಯಾದರೂ ಹಾನಿ ಮರಳಿ ಸರಿಪಡದು. ಆದುದರಿಂದ ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು, ಅಂದೇ ಲಸಿಕೆ ಪಡೆಯಬೇಕು.

ಮೂರನೆಯದು ತಿಂಗಳುಗಳ ಲೆಕ್ಕ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಎರಡು ವಾರವಾದರೂ ಬಿಡದ ಕೆಮ್ಮು, ಕಾರಣವಿಲ್ಲದೆ ಇಳಿಯುವ ತೂಕ. ಇಲ್ಲಿ ಬೇಕಾದವರು ನಮ್ಮನ್ನು ಬಲ್ಲ ಖಾಯಂ ವೈದ್ಯರು. ಪ್ರಯೋಗಶಾಲೆಯಲ್ಲಿ ಒಂದೇ ಒಂದು ಅಳತೆಯಿಂದ ದರವನ್ನು ಕಂಡುಹಿಡಿಯಲಾಗದು. ಹೋದ ವರ್ಷದ ಅಳತೆ ಯಾರ ಬಳಿ ಇದೆಯೋ ಅವರೇ ಈ ವರ್ಷದ ಬದಲಾವಣೆಯನ್ನು ಗುರುತಿಸಬಲ್ಲರು. ಪ್ರತಿಸಲವೂ ಹೊಸ ವೈದ್ಯರ ಬಾಗಿಲಿಗೆ ಹೋಗುವವನು ಈ ಲಾಭವನ್ನು ಕಳೆದುಕೊಳ್ಳುತ್ತಾನೆ.

ಯಾವ ವರ್ಗವೆಂದು ತಿಳಿಯದೆ ಹೋದರೆ? ಆಗ ಹೆಚ್ಚು ವೇಗದ್ದೆಂದೇ ಭಾವಿಸುವುದು ಲೇಸು. ವೃಥಾ ಹೋದೆವಾದರೆ ನಷ್ಟ ಒಂದು ರಾತ್ರಿಯ ನಿದ್ರೆ. ಹೋಗದೆ ಉಳಿದರೆ ಆಗುವ ನಷ್ಟಕ್ಕೆ ಅಳತೆಯಿಲ್ಲ.

ವಿದ್ಯಾರ್ಥಿಗಳು ಇಂದೇ ಮಾಡಬಹುದಾದ ಕೆಲಸವೊಂದುಂಟು. ತಮ್ಮ ಊರಿಗೆ ಸಮೀಪದಲ್ಲಿ ಸಿ.ಟಿ. ಸ್ಕ್ಯಾನ್ ಎಲ್ಲಿದೆ, ಹಾವಿನ ವಿಷಕ್ಕೆ ಮದ್ದು ಎಲ್ಲಿ ದೊರೆಯುತ್ತದೆ, ರಾತ್ರಿ ಯಾವ ಆಸ್ಪತ್ರೆ ತೆರೆದಿರುತ್ತದೆ, ಇವನ್ನು ವಿಚಾರಿಸಿ, ದೂರವಾಣಿ ಸಂಖ್ಯೆಗಳೊಡನೆ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಆ ಮುಂಜಾನೆ ನಮ್ಮ ನಿಲಯದಲ್ಲಿ ಅಂಥ ಹಾಳೆ ಇರಲಿಲ್ಲ. ಈಗ ಅಡುಗೆಮನೆಯ ಬಾಗಿಲಿನ ಪಕ್ಕದಲ್ಲಿ, ಭಟ್ಟರ ಕಣ್ಣಿಗೂ ಹುಡುಗರ ಕಣ್ಣಿಗೂ ಬೀಳುವಂತೆ, ಒಂದಿದೆ.