ಉಬ್ಬಸದ ಹಿಂದಿನ ವಂಶದೋಷ: ಆಲ್ಫಾ-1 ಪ್ರತಿಷ್ಠಾನ

ಆಲ್ಫಾ-1 ಆ್ಯಂಟಿಟ್ರಿಪ್ಸಿನ್ ಎಂಬುದು ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ, ತಯಾರಾಗಿ ರಕ್ತದೊಡನೆ ಹರಿದು ಶ್ವಾಸಕೋಶವನ್ನು ಕಾಯುವ ಪ್ರೋಟೀನು. ಹೊಗೆ, ದೂಳು ಅಥವಾ ಸೋಂಕು ಒಳಹೊಕ್ಕಾಗ ಧಾವಿಸಿ ಬರುವ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಕಿಣ್ವವನ್ನು ಸುರಿಸುತ್ತವೆ. ಆ ಕಿಣ್ವವು ಶ್ವಾಸಕೋಶದ ಗಾಳಿಗೂಡುಗಳ ಗೋಡೆಯನ್ನೇ ಕರಗಿಸದಂತೆ ಕಡಿವಾಣ ಹಾಕುವುದು ಈ ಪ್ರೋಟೀನಿನ ಕೆಲಸ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಪಡೆದವರಲ್ಲಿ ಇದು ತಪ್ಪಾಗಿ ಮಡಚಿಕೊಂಡು, ಒಂದಕ್ಕೊಂದು ತೊಡರಿ, ಯಕೃತ್ತಿನ ಕೋಶಗಳಲ್ಲೇ ಸಿಕ್ಕಿಬೀಳುವುದರಿಂದ ಯಕೃತ್ತು ಹೆಪ್ಪುಗಟ್ಟಿದ ಪ್ರೋಟೀನಿನಿಂದ ಕೆಡುತ್ತದೆ, ಶ್ವಾಸಕೋಶ ಕಾವಲಿಲ್ಲದೆ ಕೆಡುತ್ತದೆ. ಹಸುಗೂಸಿನ ಬಿಡದ ಕಾಮಾಲೆಗೂ, ನಲವತ್ತರ ಆಸುಪಾಸಿನಲ್ಲೇ ಮೆಟ್ಟಿಲು ಹತ್ತಲಾರದಂತೆ ಮಾಡುವ ಎಂಫಿಸೀಮಾ ಎಂಬ ಗಾಳಿಗೂಡು ಒಡೆಯುವ ರೋಗಕ್ಕೂ ಹೀಗೆ ಒಂದೇ ಬೇರು ಇರಬಹುದು.

ಈ ಬೇರು ಕಣ್ಣಿಗೆ ಬಿದ್ದದ್ದು 1963ರಲ್ಲಿ, ಸ್ವೀಡನ್ನಿನಲ್ಲಿ. ರಕ್ತದ್ರವದ ಪ್ರೋಟೀನುಗಳನ್ನು ವಿದ್ಯುತ್ ಹರಿಸಿ ಪಟ್ಟಿಯ ಮೇಲೆ ಗೆರೆಗೆರೆಯಾಗಿ ಬೇರ್ಪಡಿಸುವ ಪರೀಕ್ಷೆಯಲ್ಲಿ, ಸುಮಾರು 1,500 ಮಾದರಿಗಳ ಪೈಕಿ ಐದರಲ್ಲಿ ಒಂದು ಗೆರೆ ಕಾಣೆಯಾಗಿರುವುದನ್ನು ಕಾರ್ಲ್-ಬರ್ಟಿಲ್ ಲಾರೆಲ್ ಮತ್ತು ಸ್ಟೆನ್ ಎರಿಕ್ಸನ್ ಗಮನಿಸಿದರು. ಆ ಐವರಲ್ಲಿ ಮೂವರಿಗೆ ಚಿಕ್ಕ ವಯಸ್ಸಿಗೇ ಶ್ವಾಸಕೋಶ ಹಾಳಾಗಿತ್ತು. ಇದ್ದುದನ್ನು ಕಾಣುವುದಕ್ಕಿಂತ ಇಲ್ಲದ್ದನ್ನು ಕಾಣುವ ಕಣ್ಣು ಅಪರೂಪದ್ದು.

ಮೂರು ದಶಕಗಳ ಬಳಿಕ, 1995ರಲ್ಲಿ, ಅಮೆರಿಕದ ಆಲ್ಫಾ-1 ಪ್ರತಿಷ್ಠಾನವನ್ನು ಕಟ್ಟಿದವರು ವೈದ್ಯರಲ್ಲ, ಇದೇ ಕೊರತೆಯಿದ್ದ ಜಾನ್ ವಾಲ್ಶ್, ಸೂಸನ್ ಸ್ಟ್ಯಾನ್ಲಿ ಮತ್ತು ಸ್ಯಾಂಡಿ ಲಿಂಡ್ಸೆ ಎಂಬ ಮೂವರು. ಸಂಶೋಧನೆಗೆ ಹಣ ಒದಗಿಸುವುದು, ರೋಗಿಗಳ ದಾಖಲೆಪಟ್ಟಿ ಇಡುವುದು, ಪತ್ತೆಯಾಗದವರನ್ನು ಹುಡುಕುವುದು ಅದರ ಕೆಲಸಗಳು. ಅದರ ಸೋದರ ಸಂಸ್ಥೆ ಆಲ್ಫಾನೆಟ್ ರೋಗಿಗಳನ್ನೇ ನೌಕರಿಗಿಟ್ಟುಕೊಂಡು, ಅವರಿಂದ ಇತರ ರೋಗಿಗಳಿಗೆ ತಿಂಗಳು ತಿಂಗಳು ಫೋನ್ ಮಾಡಿಸಿ ವಿಚಾರಿಸುತ್ತದೆ. ದಾನಿಗಳ ರಕ್ತದ್ರವದಿಂದ ತೆಗೆದ ಇದೇ ಪ್ರೋಟೀನನ್ನು ವಾರಕ್ಕೊಮ್ಮೆ ರಕ್ತನಾಳಕ್ಕೆ ಏರಿಸಿಕೊಳ್ಳುವ, ದುಬಾರಿಯಾದ ಹಾಗೂ ಬಾಳಿನುದ್ದಕ್ಕೂ ನಡೆಯುವ ಚಿಕಿತ್ಸೆಯಲ್ಲಿ ಇಂಥ ದನಿಯ ಬೆಲೆ ಔಷಧಕ್ಕಿಂತ ತೀರ ಕಡಿಮೆಯದೇನಲ್ಲ. ರೋಗವನ್ನು ಉಂಡವನೇ ಸಂಸ್ಥೆ ಕಟ್ಟಿದ ಉದಾಹರಣೆ ಕರ್ನಾಟಕಕ್ಕೂ ಹೊಸತಲ್ಲ: ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಬೆಳೆಸಿದ ಡಾ. ಸುರೇಶ್ ಹನಗವಾಡಿ, ರಕ್ತ ಹೆಪ್ಪುಗಟ್ಟದ ಆ ವಂಶವಾಹಿ ರೋಗವನ್ನು ಸ್ವತಃ ಹೊತ್ತವರು.

ಈ ಕೊರತೆ ಯುರೋಪ್ ಮೂಲದವರಲ್ಲಿ ಹೆಚ್ಚು, ಭಾರತದಲ್ಲಿ ವಿರಳ. ಆದರೂ ಬಳ್ಳಾರಿ ಸೀಮೆಯ ಓದುಗರಿಗೆ ಇದು ದೂರದ ಮಾತಲ್ಲ. ಏಕೆಂದರೆ ಇಲ್ಲಿ ದಮ್ಮು ಬಂತೆಂದರೆ ಕಾರಣ ಹುಡುಕುವ ಗೋಜೇ ಇರುವುದಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹೊಟ್ಟಿನ ದೂಳು ಕುಡಿದವನಿಗೆ ಗಿರಣಿ, ಕುರುಗೋಡಿನಲ್ಲಿ ಒಣಮೆಣಸಿನಕಾಯಿ ಚೀಲ ತುಂಬಿದವಳಿಗೆ ಘಾಟು, ಬಳ್ಳಾರಿಯ ಜೀನ್ಸ್ ಕಟಿಂಗ್ ಮೇಜಿನ ಮುಂದೆ ನೀಲಿ ನಾರಿನ ದೂಳಿನಲ್ಲಿ ನಿಂತವನಿಗೆ ಬಟ್ಟೆ, ಉಳಿದವರಿಗೆಲ್ಲ ಬೀಡಿ ಅಥವಾ ಒಲೆಯ ಹೊಗೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ಬಹುಪಾಲು ಸರಿಯೇ; ಆದರೆ ಕಾವಲು ಪ್ರೋಟೀನು ಇಲ್ಲದವನನ್ನು ಅದೇ ದೂಳು ಹಲವು ವರ್ಷ ಮುಂಚಿತವಾಗಿ ಕೆಡವುತ್ತದೆ ಎಂಬುದು ಆ ಉತ್ತರದಡಿ ಮುಚ್ಚಿಹೋಗುತ್ತದೆ. ಯಕೃತ್ತು ಕೆಟ್ಟವನ ಪಾಡು ಇನ್ನೂ ಕಷ್ಟ, ಒಂದು ತೊಟ್ಟು ಮುಟ್ಟದವನನ್ನೂ ಕುಡುಕನೆಂದೇ ಊರು ಎಣಿಸುತ್ತದೆ. ಸೋದರಿಕೆಯ ಮದುವೆ ರೂಢಿಯಿರುವ ಮನೆತನಗಳಲ್ಲಿ, ಇಬ್ಬರಿಂದಲೂ ಬರಬೇಕಾದ ಇಂಥ ದೋಷಗಳು ಒಂದೇ ಮಗುವಿನಲ್ಲಿ ಕೂಡುವ ಸಂಭವ ಹೆಚ್ಚೆಂಬುದು ತಳಿಶಾಸ್ತ್ರದ ಸಾಮಾನ್ಯ ನಿಯಮ.

ಗಾಳಿಕೊಳವೆ ಕಿರಿದಾಗುವ ದೀರ್ಘಕಾಲದ ಶ್ವಾಸರೋಗವುಳ್ಳ ಪ್ರತಿಯೊಬ್ಬರಿಗೂ ಬಾಳಿನಲ್ಲಿ ಒಮ್ಮೆ ಆಲ್ಫಾ-1 ಆ್ಯಂಟಿಟ್ರಿಪ್ಸಿನ್ ಪ್ರಮಾಣ ಅಳೆಯುವ ಪರೀಕ್ಷೆ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1997ರಲ್ಲೇ ಸೂಚಿಸಿತ್ತು. ಬೇಕಾದದ್ದು ಸ್ವಲ್ಪ ರಕ್ತ, ಅದನ್ನು ಅಳೆಯಬಲ್ಲ ಪ್ರಯೋಗಾಲಯ, ಅಷ್ಟೇ. ಬೀಡಿ ಸೇದದೆಯೇ ಐವತ್ತರೊಳಗೆ ಉಬ್ಬಸ ಹಿಡಿದವರು, ಕಾರಣ ತಿಳಿಯದೆ ಯಕೃತ್ತು ಕೆಟ್ಟವರು, ಮನೆಯಲ್ಲಿ ಇವೆರಡನ್ನೂ ಕಂಡವರು ಮುಂದಿನ ಸಲ ವೈದ್ಯರೆದುರು ಕುಳಿತಾಗ ಈ ಪರೀಕ್ಷೆಯ ಹೆಸರನ್ನು ತಾವೇ ಎತ್ತಿ ಕೇಳಬೇಕು.