‘ಏನೇನ್ ಬಿಚ್ಚೀರಿ?’

ರಿಪೇರಿ ಮುಗಿಸಿದ ಮೇಲೂ ಸ್ಟಾರ್ಟ್ ಆಗದ ಕಾರನ್ನು ಎಳೆಸಿಕೊಂಡು ಬಂದವರಿಗೆ ಆಲಮೇಲದ ಕಡೆಯ ಒಳ್ಳೆಯ ಮೇಸ್ತ್ರಿ ಕೇಳುವ ಮೊದಲ ಮಾತು ಇದೇ. ಬಾನೆಟ್ ಎತ್ತುವುದು, ಪಾನಾ ಹಿಡಿಯುವುದು ಆಮೇಲಿನ ಕೆಲಸ. ಸಿಂದಗಿಯಿಂದ ಬೇರೆಯಾಗಿ ತಾಲ್ಲೂಕಾದ ಈ ಊರಿನ ಸುತ್ತ ಭೀಮೆಯ ನೀರು, ಕಬ್ಬಿನ ಹೊಲ. ಹಂಗಾಮು ಬಂತೆಂದರೆ ಟ್ರ್ಯಾಕ್ಟರು, ಪಿಕಪ್ಪು, ಹಳೆಯ ಮಾರುತಿ ಯಾವುದೂ ನಿಲ್ಲುವಂತಿಲ್ಲ.

ಓಡುತ್ತ ಓಡುತ್ತ ಕೆಟ್ಟ ಗಾಡಿಯಲ್ಲಿ ಸವೆತ ಎಲ್ಲಿ ಬೇಕಾದರೂ ಅಡಗಿರಬಹುದು. ನಿನ್ನೆಯವರೆಗೆ ಓಡಿ, ರಿಪೇರಿಯಾಗಿ, ಇಂದು ಹಟ ಹಿಡಿದ ಗಾಡಿಯ ಕಥೆ ಬೇರೆ. ಅದರ ದೋಷ ಬಹುಪಾಲು ಕೈ ಆಡಿದ ಜಾಗದಲ್ಲೇ ಇರುತ್ತದೆ. ಆದ್ದರಿಂದಲೇ ಆ ಪ್ರಶ್ನೆ.

ಉತ್ತರ ಸಿಕ್ಕ ಮೇಲೆ ‘ಸೆಲ್ಫ್ ಹೊಡೀರಿ’ ಎಂದು ಕಿವಿಗೊಡುತ್ತಾರೆ. ಬರೀ ಕಟ್ ಕಟ್ ಸದ್ದು ಬಂದರೆ ಎಂಜಿನ್ನಿನ ಒಳಗೆ ಹುಡುಕುವ ಅವಸರವಿಲ್ಲ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಗೇರ್‌ಬಾಕ್ಸ್ ಇಳಿಸಿ ಏರಿಸುವಾಗ ಬಾಡಿಯಿಂದ ಎಂಜಿನ್ನಿಗೆ ಬರುವ ಅರ್ಥಿಂಗ್ ಪಟ್ಟಿಯನ್ನು ಕಟ್ಟಲು ಮರೆತಿದ್ದರೆ ಹೆಡ್‌ಲೈಟ್ ಝಗ್ಗನೆ ಹತ್ತುತ್ತದೆ, ಸೆಲ್ಫ್ ಮಾತ್ರ ತಿರುಗುವುದಿಲ್ಲ. ದೀಪಕ್ಕೆ ಕೆಲವೇ ಆಂಪಿಯರ್ ಸಾಕು, ಸೆಲ್ಫ್ ಮೋಟಾರಿಗೆ ನೂರರ ಮೇಲೆ ಬೇಕು.

ಎಂಜಿನ್ ತಿರುಗುತ್ತಿದೆ, ಆದರೆ ಹಿಡಿಯುತ್ತಿಲ್ಲ ಎಂದರೆ ವಿದ್ಯೆಯ ನಿಜವಾದ ಪರೀಕ್ಷೆ. 1983ರಲ್ಲಿ ಬಂದು 2014ರವರೆಗೆ ತಯಾರಾದ ಮಾರುತಿ 800 ಈ ಪಾಠಕ್ಕೆ ಒಳ್ಳೆಯ ಪಠ್ಯ. ಹಳೆಯ ಕಾರ್ಬುರೇಟರ್ ಮಾದರಿಯಲ್ಲಿ 3 ಸಿಲಿಂಡರು, ಕಿಡಿಯ ಸರದಿ 1-3-2. ಎರಡು ಪ್ಲಗ್ ವೈರ್ ಅದಲುಬದಲಾದರೆ ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ. ಇನ್ನೂ ಸೂಕ್ಷ್ಮವಾದದ್ದು ಡೆಲ್ಕೋ, ಅಂದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಕೂರಿಸುವುದು. ಮೊದಲ ಪಿಸ್ಟನ್ ಒಂದು ಸುತ್ತಿನ ಕೆಲಸದಲ್ಲಿ ಎರಡು ಸಲ ಮೇಲೆ ಬರುತ್ತದೆ: ಒಮ್ಮೆ ಗಾಳಿ ಒತ್ತಲು, ಒಮ್ಮೆ ಹೊಗೆ ತಳ್ಳಲು. ಪುಲ್ಲಿಯ ಮೇಲಿನ ಗುರುತು ಎರಡೂ ಸಲ ಸರಿಯಾಗಿಯೇ ಕೂರುತ್ತದೆ. ಗುರುತನ್ನೇ ನಂಬಿದವರು ಹೊಗೆ ಹೋಗುವ ಹೊತ್ತಿಗೆ ಕಿಡಿ ಕೊಟ್ಟು ದಿನವೆಲ್ಲ ಸೆಲ್ಫ್ ಹೊಡೆಯುತ್ತಾರೆ. ಮೇಸ್ತ್ರಿ ಪ್ಲಗ್ ತೆಗೆದು ಆ ತೂತಿಗೆ ಹೆಬ್ಬೆರಳು ಒತ್ತಿ, ಹುಡುಗನಿಗೆ ಎಂಜಿನ್ನನ್ನು ಮೆಲ್ಲಗೆ ತಿರುಗಿಸಲು ಹೇಳುತ್ತಾರೆ. ಬೆರಳನ್ನು ಗಾಳಿ ಹೊರಗೆ ದಬ್ಬಿದರೆ ಪಿಸ್ಟನ್ ಒತ್ತುವ ಸರದಿಯಲ್ಲಿದೆ. ಆ ಸರದಿಯಲ್ಲೇ ಗುರುತು ಬಂದು ಕೂತಾಗ ಡೆಲ್ಕೋ ಕೂರಿಸುವ ಗಳಿಗೆ. ಯಾವ ಮೀಟರೂ ಬೇಡದ ಈ ಪರೀಕ್ಷೆಯನ್ನು ಕಂಡಾಗೆಲ್ಲ ನನಗೆ ಗೌರವ ಉಕ್ಕುತ್ತದೆ.

ಡೀಸೆಲ್ ಗಾಡಿಗೆ ಕಿಡಿಯ ಗೊಡವೆಯಿಲ್ಲ. ಫಿಲ್ಟರ್ ಬದಲಿಸಿದ ಮೇಲೆ ‘ಏರ್ ಹಿಡದದ’ ಎಂಬ ಮಾತು ಇಲ್ಲಿ ದಿನನಿತ್ಯದ್ದು. ಹಳೆಯ ಪಂಪಿನ ಗಾಡಿಗಳಲ್ಲಿ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತಾರೆ. ಮೊದಲು ನೊರೆ, ಆಮೇಲೆ ಬಿಡಿ ಬಿಡಿ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್. ಆಗ ಬಿಗಿಯಬೇಕು. ಈಗಿನ ಕಾಮನ್ ರೇಲ್ ಎಂಜಿನ್ನುಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಎಂಜಿನ್ ತಿರುಗುವಾಗ ಅದರ ಪೈಪಿನ ನಟ್ಟು ಸಡಿಲಿಸಬಾರದು, ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಿ ಒಳಹೊಗುತ್ತದೆ. ಹಳೆಯ ಕೈಚಳಕ ಇಲ್ಲಿ ಪ್ರಾಣಕ್ಕೆ ಮುಳುವು.

ಸ್ಕ್ಯಾನರ್ ಬಂದಿದೆ, ಬರಲೇಬೇಕು. ಕ್ರ್ಯಾಂಕ್ ಸೆನ್ಸರಿನಿಂದ ಸುದ್ದಿ ಬರುತ್ತಿಲ್ಲ ಎಂದು ಅದು ಹೇಳೀತು. ಎಂಜಿನ್ ಕೂರಿಸುವಾಗ ಬ್ರ್ಯಾಕೆಟ್ಟಿನ ಅಡಿ ಸಿಕ್ಕಿ ನುಜ್ಜಾದ ವೈರನ್ನು ಹುಡುಕಬೇಕಾದದ್ದು ಬೆರಳೇ.

ಗಾಡಿಯ ಮಾಲೀಕರಿಗೆ ಒಂದು ವಿನಂತಿ. ಮೊದಲು ಬೇರೆ ಕಡೆ ತೋರಿಸಿದ್ದನ್ನು ಸಂಕೋಚದಿಂದ ಮುಚ್ಚಿಡುವವರು ಬಹಳ. ಯಾವ ನಟ್ಟು ಬಿಚ್ಚಿದ್ದರು, ಯಾವ ಸಾಮಾನು ಹೊಸದು, ಮೊದಲು ಯಾವ ಸದ್ದು ಬರುತ್ತಿತ್ತು ಎಂಬುದನ್ನೆಲ್ಲ ಮೇಸ್ತ್ರಿಗೆ ಹೇಳಿ, ಬದಲಿಸಿದ ಹಳೆಯ ಸಾಮಾನನ್ನೂ ಚೀಲದಲ್ಲಿ ತನ್ನಿ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಸೆಲ್ಫ್ ಹೊಡೆದು ಮೋಟಾರು ಸುಡಬೇಡಿ.